ಗುಡ್ಡಕ್ಕೆ ಬೆಂಕಿ ಬೀಳುವ ಮೊದಲು

೧

ಎಲ್ಲಿಂದ ಶುರುಮಾಡಲಿ? ಲಂಡನ್ನಿನಿಂದ ಶುರುಮಾಡಿದರೆ ಕಥೆ ನಮ್ಮ ಮಸಿಂಡಿಗೆ ಬರುವಷ್ಟರಲ್ಲಿ ಹುಲ್ಲು ಸುಟ್ಟುಹೋಗಿರುತ್ತದೆ. ಗುಡ್ಡದಿಂದಲೇ ಹೊರಡೋಣ ಓದುಗರೇ, ಬೇಗ ಬನ್ನಿ.

೧೯೪೭ರ ಜನವರಿ, ಉಗಾಂಡದ ಮಸಿಂಡಿ ಊರು. ನಾಳಿದ್ದು ಬೇಟೆಯವರು ಪ್ರಾಣಿಗಳನ್ನು ಹೊರಗಟ್ಟಲು ಗುಡ್ಡಕ್ಕೆ ಬೆಂಕಿ ಹಾಕುತ್ತಾರೆ. ಅಷ್ಟರೊಳಗೆ ಕೊಯ್ದದ್ದಷ್ಟೇ ಈ ವರ್ಷದ ಹುಲ್ಲು. ಯುದ್ಧದಿಂದಾಗಿ ಇಲ್ಲಿಗೆ ಬಂದ ಪೋಲೆಂಡಿನ ನಿರಾಶ್ರಿತರ ಶಿಬಿರದಲ್ಲಿ ವಿಧವೆ ಯಾದ್ವಿಗಾಳ ಗುಡಿಸಲಿನ ಸೂರು ಕೊಳೆತಿದೆ. ಒಳಗೆ ಕೆಮ್ಮುವ ಮಗಳಿದ್ದಾಳೆ. ಮಾರ್ಚಿಗೆ ಮಳೆ. ಸೂರಿಗೆ ಹುಲ್ಲು ಹೊದಿಸುವ ಊರಿನ ಬಿಗಿರ್ವ ಕುಡುಗೋಲು ಮಸೆದು ಕೂತಿದ್ದಾನೆ. ಕೂಲಿ ಯಾರು ಕೊಡಬೇಕು? ರಾಜಧಾನಿ ಎಂಟೆಬೆಯ ಸರ್ಕಾರ ಲಂಡನ್ನಿನತ್ತ ಕೈ ತೋರಿಸುತ್ತದೆ, ಲಂಡನ್ ಇನ್ನಾರತ್ತಲೋ. (ಆ ಪತ್ರಗಳನ್ನೆಲ್ಲ ಹನ್ನೆರಡು ಪುಟ ಬರೆದು ಹರಿದುಹಾಕಿದೆ. ನಿಮ್ಮ ಪುಣ್ಯ.)

೨

ಮೊದಲ ಡ್ರಾಫ್ಟಿನಲ್ಲಿ ಬಿಗಿರ್ವ ಕನಿಕರಪಟ್ಟು ಬಿಟ್ಟಿ ಕೆಲಸ ಮಾಡುತ್ತಾನೆ. ಅವನೇ ಒಪ್ಪಲಿಲ್ಲ.

"ಕನಿಕರ ಗಿನಿಕರ ಬರೀಬೇಡ. ಊರೋರು ನಗ್ತಾರೆ."

"ಮತ್ತೇನ್ ಮಾಡ್ತೀಯ?" ಎಂದೆ.

"ಸುಮ್ನೆ ನೋಡು."

ಅವನು ನೇರ ಯಾದ್ವಿಗಾಳ ಬಾಗಿಲಿಗೆ ಹೋದ.

"ನೀನು ಬಂದು ನಾಲ್ಕು ವರ್ಷ ಆಯ್ತು, ನಿನಗಿನ್ನೂ ಒಂದು ಎಂಪಾಕೊ ಇಲ್ಲ. ಅಕ್ಕರೆಯ ಹೆಸರಿಲ್ದೋರನ್ನ ನಾವು ಹೇಗಮ್ಮ ಮಾತಾಡಿಸೋದು? ಇವತ್ತಿಂದ ನೀನು ಅಬ್ವೋಲಿ. ನಾನು ಅರಾಲಿ."

"ಹೆಸರಿದ್ರೆ ಮನೆ ಸೋರಲ್ವಾ?"

"ಹೆಸರಿಟ್ಮೇಲೆ ನೀನು ನನ್ ತಂಗಿ. ತಂಗಿ ಮನೆ ಸೂರಿಗೆ ಯಾರಾದ್ರೂ ಕೂಲಿ ಕೇಳ್ತಾರಾ? ಅಕ್ಕಪಕ್ಕದೋರೆಲ್ಲ ಬರ್ತಾರೆ. ಬಾಳೆಹಣ್ಣಿನ ಹೆಂಡ ಇಟ್ರೆ ಸಾಕು."

"ನಾನ್ ಮಾಡಿದ ಹೆಂಡ ಕುಡಿದ್ರೆ ಸೂರಿಂದ ಬೀಳ್ತೀಯ, ಅರಾಲಿ."

ಹೆಸರು ಹಿಡಿದು ಕರೆದೇಬಿಟ್ಟಳು. ತಂಗಿಯಾದಳು. ನನ್ನ ಪೆನ್ನು ಓಡುತ್ತಿದೆ. ಕ್ಲೈಮ್ಯಾಕ್ಸ್ ಇಷ್ಟು ಸಲೀಸೇ?

೩

ಅಲ್ಲ. ಶಿಬಿರದ ಅಧಿಕಾರಿ ಹಾರ್ಬಿ ಅಡ್ಡ ಬಂದ. (ಅವನನ್ನು ದುಷ್ಟನನ್ನಾಗಿಸಲು ಎರಡು ಸಲ ನೋಡಿದೆ. ಆಗಲಿಲ್ಲ.)

"ಬೇಡ ಬಿಗಿರ್ವ. ನೀವು ಬಿಟ್ಟಿ ಹೊದಿಸಿದ್ರಿ ಅಂತ ಗೊತ್ತಾದ್ರೆ, ಇವರಿಗೆ ದುಡ್ಡೇ ಬೇಕಾಗಿಲ್ಲ ಅಂತಾರೆ ಲಂಡನ್ನೋರು. ಉಳಿದ ಮನೆಗಳ ಗತಿ?"

"ಎಲ್ರಿಗೂ ಹೆಸರಿಡ್ತೀನಿ ದೊರೆ."

"ಮುನ್ನೂರು ಮನೆ ಇದಾವಪ್ಪ."

"ನಮ್ಮಲ್ಲಿರೋದು ಹನ್ನೆರಡೇ ಹೆಸರು. ಹಂಚ್ಕೋತಾರೆ ಬಿಡಿ."

ಹಾರ್ಬಿ ಟೋಪಿ ತೆಗೆದು ಗುಡ್ಡದತ್ತ ನೋಡಿದ. ನನಗೆ ಈ ನೋಟ ಇಷ್ಟ. ಅದು ಒಪ್ಪಿಗೆಯೋ ನಾಚಿಕೆಯೋ ಎಂದು ಅಲ್ಲೇ ಕೂತು ಯೋಚಿಸುತ್ತಿದ್ದೆ.

೪

ನಾನು ಯೋಚಿಸಿದ ಕೊನೆಗಳು: (ಅ) ದುಡ್ಡು ಕೊಡುವುದಾಗಿ ಲಂಡನ್ನಿನಿಂದ ತಂತಿ ಬರುತ್ತದೆ. (ಆ) ಹಾರ್ಬಿ ಕಣ್ಣುಮುಚ್ಚಿಕೊಳ್ಳುತ್ತಾನೆ. (ಇ) ಬಿಗಿರ್ವ ಕದ್ದು ಹೊದಿಸುತ್ತಾನೆ.

"ಮೂರರಲ್ಲೂ ನಾನು ಬಾಯೇ ಬಿಡಲ್ವಲ್ಲ" ಎಂದಳು ಯಾದ್ವಿಗಾ, ನನಗೇ.

"ನಿನಗೇನು ಬೇಕು?"

"ನನ್ನೊಬ್ಬಳ ಮನೆ ಬೆಚ್ಚಗಾಗಿ ಉಳಿದೋರ ದುಡ್ಡು ನಿಲ್ಲೋದು ಬೇಡ. ಕೊಯ್ಯೋದಾದ್ರೆ ಎಲ್ಲರಿಗೂ ಕೊಯ್ಯೋಣ. ಲಂಡನ್ನೋರು ಕಾಯಬಹುದು, ಹುಲ್ಲು ಕಾಯಲ್ಲ."

ಅವಳು ಪಕ್ಕದ ಬಾಗಿಲು ಬಡಿದಳು. "ಕುಡುಗೋಲಿದೆಯೇನ್ರೇ? ಇಲ್ಲಾಂದ್ರೆ ಅಡುಗೆ ಚಾಕು ತನ್ನಿ."

ಹುಲ್ಲು ಸಾಕಾಯಿತೇ, ಲಂಡನ್ ಏನೆಂದಿತು, ಮಗಳ ಕೆಮ್ಮು ನಿಂತಿತೇ? ಈಗ ಕೇಳಬೇಡಿ. ಹನ್ನೊಂದನೆಯ ಬಾಗಿಲು ತೆರೆದಿದೆ. ಇನ್ನೂರ ಎಂಬತ್ತೊಂಬತ್ತು ಉಳಿದಿವೆ. ಅವಳು ಆಗಲೇ ತಿರುವಿನಾಚೆ ಹೋಗಿದ್ದಾಳೆ, ನಾನು ಓಡಬೇಕು.