ಒಂದಿಂಚಿನ ಮನಿ

ಭಾನುವಾರ ಮುಂಜಾನೆ ರೂಪಾ ತಲೆಗೆ ಎರಕೊಂಡು, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಕೂತಿದ್ದಳು. ಅವಳ ಅವ್ವ ಸುರೇಖಾ ಹೇಗೂ ಕಾಯಿಪಲ್ಲೆ ತರಲು ಹೊರಟಿದ್ದಳು.

“ಅವ್ವಾ, ಯೂಸುಫಣ್ಣನ ಝೆರಾಕ್ಸ್ ಅಂಗಡಿಗೆ ನಕ್ಷೆ ಕಳಿಸೀನಿ, ಪ್ರಿಂಟ್ ತಗೊಂಡ್ ಬಾ. ಒಂದೊಂದು ಮನಿ ಒಂದಿಂಚು ಇರಬೇಕಂತ ಹೇಳು. ಅಷ್ಟ ನೆನಪಿಟ್ಟರ ಸಾಕು.”

ಸುರೇಖಾ ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡು ನಡೆದಳು. ಗಂಡನ ವರ್ಗಾವಣೆಯಾಗಿ ಸಿದ್ದಾಪುರ ಬಿಟ್ಟು ಕುಷ್ಟಗಿಗೆ ಬಂದಾಗಿನಿಂದ ಮಗಳ ಬಾಯಿಗೆ ಬೀಗ ಬಿದ್ದಿತ್ತು. ಕಾಲೇಜಿಗೆ ಹೋಗುತ್ತಿದ್ದಳು, ಬರುತ್ತಿದ್ದಳು; ಒಬ್ಬ ಗೆಳತಿಯ ಹೆಸರೂ ಮನೆಗೆ ಬರುತ್ತಿರಲಿಲ್ಲ. ಇವತ್ತು ಮೊದಲ ಸಲ ಕ್ಲಾಸಿನ ಮೂವರು ಹುಡುಗಿಯರು ಮಧ್ಯಾಹ್ನ ಆಟಕ್ಕೆ ಬರುವವರಿದ್ದರು. ಮೊಬೈಲಿನಲ್ಲಿ ನೋಡಿ ಕಲಿತ ಆಟ. ಒಬ್ಬರು ಕಥೆ ಹೇಳಬೇಕು. ಉಳಿದವರು ಆ ಕಥೆಯೊಳಗಿನ ಮನುಷ್ಯರಾಗಿ ದಾಳ ಉರುಳಿಸಿ, ನಕ್ಷೆಯ ಮೇಲೆ ಗೊಂಬೆ ನಡೆಸಬೇಕು. ಕಥೆ ಹೇಳುವವಳು ರೂಪಾ. ಕಳ್ಳರು ನುಗ್ಗಿದ ಒಂದು ಊರನ್ನು ಗೌಡರ ಮನೆ, ಬಾವಿ, ಸಂದಿಗೊಂದಿ ಸಮೇತ ವಾರವಿಡೀ ಕೂತು ಮೊಬೈಲಿನಲ್ಲೇ ಬರೆದಿದ್ದಳು. ರಟ್ಟಿನ ಗೊಂಬೆಗಳನ್ನು ಕತ್ತರಿಸಿ ಅಪ್ಪನ ಹಳೆ ಕೋಟಿನ ಗುಂಡಿಗಳ ಮೇಲೆ ನಿಲ್ಲಿಸಿದ್ದಳು.

ಯೂಸುಫ್ ಕಂಪ್ಯೂಟರಿನಲ್ಲಿ ನಕ್ಷೆ ತೆರೆದು ಗದ್ದ ತುರಿಸಿಕೊಂಡ.

“ಯಾವ ಮನಿ ಒಂದಿಂಚು ಬೇಕ್ರಿ ಅಕ್ಕಾರ?”

“ಎಲ್ಲಾ ಮನಿನೂ.”

“ಒಂದು ಸಣ್ಣದೈತಿ, ಒಂದು ದೊಡ್ಡದೈತಿ.”

ಸುರೇಖಾ ಬಗ್ಗಿ ನೋಡಿದಳು. ಹೌದು, ಒಂದೊಂದು ಮನೆ ಒಂದೊಂದು ಅಳತೆ. “ಹಂಗಾರ ನಡುವಿಂದು ಹಿಡೀರಿ,” ಅಂದಳು, ಪಂಚಾಯ್ತಿ ಬಗೆಹರಿಸಿದವಳಂತೆ.

ಊರಿಗೆ ಊರೇ ಒಂದು ಹಾಳೆಯಲ್ಲಿ ಕೂತು ಬಂತು. ಯೂಸುಫ್ ಪ್ರೀತಿಯಿಂದ ಅದಕ್ಕೆ ಲ್ಯಾಮಿನೇಷನ್ನೂ ಮಾಡಿ ಕೊಟ್ಟ.

ಮನೆಯಲ್ಲಿ ರೂಪಾ ಅದರ ಮೇಲೊಂದು ಗೊಂಬೆ ಇಟ್ಟಳು. ಕೋಟಿನ ಗುಂಡಿಯು ಬಾವಿ, ಬಾವಿಕಟ್ಟೆ, ಪಕ್ಕದ ಬೇವಿನ ಮರ ಎಲ್ಲವನ್ನೂ ನುಂಗಿ ಕೂತಿತು.

“ಇದೇನವಾ ಇದು?”

“ಒಂದ್ ಮನಿ ಒಂದಿಂಚು. ನೀನ ಹೇಳಿದ್ದಿ.”

“ಆಟದ ಮನಿ ಅವ್ವಾ. ಚೌಕಾಬಾರಾದಾಗ ಕಾಯಿ ಒಂದ್ ಮನಿ ಮುಂದ ಹೋತು ಅಂತೀವಲ್ಲ, ಆ ಮನಿ. ಈ ಚೌಕ ನೋಡು.”

ಸುರೇಖಾ ಕನ್ನಡಕ ಏರಿಸಿದಳು. ಊರಿನ ಮೇಲೆ ತೆಳ್ಳನೆ ಗೆರೆಗಳ ಬಲೆ ಹಾಸಿತ್ತು. ಒಂದೊಂದು ಚೌಕ ಸಾಬುದಾಣಿ ಕಾಳಿನಷ್ಟು.

“ನಾ ಮಂದಿ ಇರೋ ಮನಿ ಅಂತ ತಿಳ್ಕೊಂಡ್ನಿ ನೋಡವಾ.”

ರೂಪಾ ನಗಲಿಲ್ಲ. “ಹೋಗಲಿ ಬಿಡು. ಬರಬ್ಯಾಡ್ರಿ ಅಂತ ಅವರಿಗೆ ಮೆಸೇಜ್ ಹಾಕ್ತೀನಿ.” ಆ ಮಾತಿನಲ್ಲಿ ಒಂಚೂರು ನಿರಾಳವೂ ಇತ್ತು. ಸುರೇಖಾಗೆ ಹೆದರಿಕೆಯಾದದ್ದು ಅದಕ್ಕೇ. ಮೊಬೈಲನ್ನು ಮೆಲ್ಲಗೆ ಕೈಯಿಂದ ತೆಗೆದುಕೊಂಡಳು.

“ಮೆಸೇಜ್ ಆಮ್ಯಾಲ ಹಾಕೀವಂತ. ಚಪ್ಪಲಿ ಮೆಟ್ಟು.”

ಊಟಕ್ಕೆಂದು ಅಂಗಡಿಯ ಬಾಗಿಲು ಎಳೆಯುತ್ತಿದ್ದ ಯೂಸುಫ್ ಸಂಗತಿ ಕೇಳಿ ನಕ್ಕ. “ನಾ ಪಹಣಿ, ಆಧಾರ್ ಮಾಡೋ ಮನಷ್ಯಾ ಅಕ್ಕಾರ. ಏನ್ ಬಂದ್ರೂ ಹಾಳಿಯೊಳಗ ಹಿಡಿಸೋದು ನನ್ನ ಧಂದೆ. ನಿಮ್ಮ ಮಗಳ ಊರು ಹಾಳಿ ದಾಟಿ ಹೋಗ್ತೀನಿ ಅಂತೈತಿ.”

ಊರನ್ನು ತುಂಡುತುಂಡು ಮಾಡಿ, ಹಾಳೆಗೆ ಕುಗ್ಗಿಸದೆ, ಇದ್ದ ಅಳತೆಯಲ್ಲೇ ಮೊದಲ ಹಾಳೆ ತೆಗೆದ. ರೂಪಾ ಮುಷ್ಟಿಯಲ್ಲಿದ್ದ ಗೊಂಬೆಯನ್ನು ಒಂದು ಚೌಕದೊಳಗೆ ನಿಲ್ಲಿಸಿದಳು. ಗುಂಡಿಯ ಸುತ್ತ ಕೂದಲೆಳೆಯಷ್ಟು ಬಿಳಿ ಉಳಿಯಿತು.

“ಇದ. ಇದ ಅಳತಿ.”

ಹಾಳೆಗಳ ಕಟ್ಟು ಹೊತ್ತು ಮನೆಗೆ ಬಂದರೆ ಹುಡುಗಿಯರು ಆಗಲೇ ಬಾಗಿಲಲ್ಲಿ ನಿಂತಿದ್ದರು. ದಾಳಿಂಬೆ ವ್ಯಾಪಾರಸ್ಥರ ಮಗಳು ಶೋಭಾರಾಣಿ ಎಲ್ಲರಿಗಿಂತ ಮುಂದಿದ್ದಳು. “ಏ ರೂಪಾ, ಆಟ ಐತಿ ಅಂದಿ, ಇದೇನು ರದ್ದಿ ಹೊತ್ಕೊಂಡ್ ಬಂದಿ?”

ರೂಪಾ ಹಾಳೆಗಳನ್ನು ಪಡಸಾಲೆಯಲ್ಲಿ ಹರಡಿದಳು. ಸುರೇಖಾ ಮೈದಾ ಹಿಟ್ಟಿನ ಅಂಟು ಕುದಿಸಿ ಕೊಟ್ಟು ಅಡುಗೆಮನೆಗೆ ಸರಿದಳು. ಮೆಣಸಿನಕಾಯಿ ಬಜಿಗೆ ಹಿಟ್ಟು ಕಲಸುತ್ತಿದ್ದರೂ ಕಿವಿ ಪಡಸಾಲೆಯಲ್ಲೇ ಇತ್ತು. ಮೊದಲು ಹಾಳೆಗಳ ಸರಬರ ಸದ್ದು. ಆಮೇಲೆ ಜಗಳ: ಈ ಓಣಿ ಅಲ್ಲಿಗೆ ಕೂಡತೈತಿ, ಇಲ್ಲ ಇಲ್ಲಿಗೆ. ಆಮೇಲೆ ಒಮ್ಮೆಲೇ ಎಲ್ಲ ನಿಂತುಹೋಯಿತು.

“ಗೌಡ್ರ ಪಡಸಾಲ್ಯಾಗ ಬಾವಿ ಐತಲ್ಲ,” ಶೋಭಾರಾಣಿಯ ದನಿ. “ಎಷ್ಟ ಅನುಕೂಲಸ್ಥರವಾ ಇವರು. ಹಾಸಿಗ್ಯಾಗ ಕುಂತ ನೀರ ಸೇದತಾರ.”

ಹಾಳೆ ಅದಲುಬದಲಾಗಿ ಅಂಟಿತ್ತು. ಕಿತ್ತರೆ ಹರಿಯುತ್ತಿತ್ತು. ಉಳಿದವರು ಕಿಸಕ್ಕನೆ ನಕ್ಕರು. ಸುರೇಖಾಳ ಹಿಟ್ಟಿನ ಕೈ ಪಾತ್ರೆಯಲ್ಲೇ ನಿಂತಿತು. ಎದ್ದು ಹೋಗಿ ಏನಾದರೂ ಹೇಳಲೇ ಅನ್ನಿಸಿತು. ಹೋಗಲಿಲ್ಲ.

“ನೀರಿನ ಬಾವಿ ಅಲ್ಲ ಅದು,” ರೂಪಾ ಅಂದಳು. ದನಿ ಸಣ್ಣದಿತ್ತು. “ಕಳ್ಳರು ಊರಾಗ ಬಂದಿದ್ದು ಅದರಾಗಿಂದ. ಗೌಡಗ ಗೊತ್ತಿತ್ತು.”

“ಗೊತ್ತಿತ್ತಾ? ಮತ್ತ ನಿನ್ನೆ ಕಾಲೇಜಿನಾಗ ಗೌಡ ಪಾಪದಾವ ಅಂದಿ?”

“ಅದು ಊರಾನ ಮಂದಿ ಅನ್ನೂದು.”

ಯಾರೋ ಉಸಿರು ಒಳಗೆಳೆದುಕೊಂಡರು. “ನಾ ಮೊದಲ ಇಳೀತೀನಿ,” ಅಂದಳು ಶೋಭಾರಾಣಿ.

“ನೀ ಇಳದ್ರ ಬಾವಿ ತುಂಬಿಹೋಗ್ತೈತಿ, ಸರಿ ಅತ್ತಾಗ,” ಅಂದಳು ಇನ್ನೊಬ್ಬಳು.

ದಾಳ ಉರುಳಿತು. ರೂಪಾಳ ದನಿ ಏರುತ್ತ ಹೋಯಿತು. ಒಮ್ಮೆ ಕಳ್ಳನಾಗಿ ಗದರಿತು, ಒಮ್ಮೆ ಗೌಡನಾಗಿ ಕೆಮ್ಮಿತು. ಸುರೇಖಾ ಬಜಿ ಎಣ್ಣೆಗೆ ಬಿಟ್ಟಳು.

ಹೊತ್ತು ಇಳಿಯುವಾಗ ಶೋಭಾರಾಣಿ ಬಜಿಯ ತಾಟು ತುಂಬಿಸಿಕೊಳ್ಳಲು ಒಳಗೆ ಬಂದಳು. ಫೋನು ಕಿವಿ-ಹೆಗಲ ನಡುವೆ ಸಿಕ್ಕಿತ್ತು, ಆ ಕಡೆಯಿಂದ ಅವಳ ಅವ್ವ ಬೈಯುವುದು ಸುರೇಖಾಗೂ ಕೇಳುತ್ತಿತ್ತು.

“ಯವ್ವಾ, ಈಗ ಬರಾಕ ಆಗಂಗಿಲ್ಲ,” ಶೋಭಾರಾಣಿ ಅಂದಳು. “ಬಾವ್ಯಾಗ ಇಳದೀನಿ.”