ಕಂದಕ ಬಿಟ್ಟ ಜಾಗ

ನಮ್ಮ ಮನೆಗೆ ಸುರಂಗದ ನೀರು. ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ, ಹೆಗಲು ತಾಗುವಷ್ಟು ಕಿರಿದಾದ ಬಿಲ. ಕೊರೆದದ್ದು ನಮ್ಮವರೇ, ಒಬ್ಬರೇ, ಮದುವೆಗೂ ಮೊದಲು. ಹೆಸರು ಕುಕ್ಕಪ್ಪ. ಗಂಡನ ಹೆಸರು ಹೇಳಬಾರದಂತೆ. ಹೇಳಿದ್ದೇನೆ, ಎಂತ ಆಗುತ್ತದೆ ನೋಡುವ. ಪಂಪು ಬೇಡ, ಕರೆಂಟು ಬೇಡ. ನೀರು ತನ್ನಷ್ಟಕ್ಕೆ ನಡೆದು ಬಂದು ಮರ ಸೀಳಿ ಕೊರೆದ ದಂಬೆಯಿಂದ ಅಂಗಳದ ತೊಟ್ಟಿಗೆ ಬೀಳುತ್ತದೆ. ಮಧ್ಯಾಹ್ನ ಚಾಪೆಯಲ್ಲಿ ಒರಗಿದರೆ ಆ ಸದ್ದಿನ ಜೊತೆ ನಾನೂ ಗುಡ್ಡೆಯೊಳಗೆ ಹೊರಟುಬಿಡುತ್ತೇನೆ. ಬೇರುಗಳ ಕೆಳಗೆ, ಕತ್ತಲೆಯ ಕೆಳಗೆ, ಮೊದಲ ಹನಿ ಹುಟ್ಟುವಲ್ಲಿಗೆ. ಎಚ್ಚರವಾಗುವಾಗ ಒಲೆಯ ಮೇಲೆ ಅನ್ನ ಅಡಿ ಹಿಡಿದಿರುತ್ತದೆ.

ಸುರಂಗದ ಉದ್ದ ಹೊರಗಿನವರಿಗೆ ಹೇಳಬಾರದು, ಹೇಳಿದರೆ ನೀರು ಮುನಿಯುತ್ತದೆ ಎಂದು ಅತ್ತೆ ಹೇಳುತ್ತಿದ್ದರು. ನಿಜವಾದ ಕಾರಣ ಬೇರೆ. ಕೊರೆಯುವವನು ನೀರಿನ ಒಸರು ನೋಡಿಕೊಂಡು ಮುಂದೆ ಹೋಗುತ್ತಾನೆ, ಮಣ್ಣಿನೊಳಗೆ ಗಡಿಕಲ್ಲು ಕಾಣುವುದಿಲ್ಲ. ಹಾಗೆ ಹೋಗಿ ಹೋಗಿ ನಮ್ಮ ಸುರಂಗ ನಮ್ಮ ಜಾಗ ದಾಟಿ ಪಕ್ಕದ ಅಭಯಾರಣ್ಯದ ಅಡಿಗೆ ಸೇರಿದೆ.

ಗಾನಶ್ರೀ ಎಂಬ ಹುಡುಗಿ ಕುಂಬ್ರದಿಂದ ಬಂದಳು. ಕಾಡಿನ ಅಂಚಿನ ನೆಲವನ್ನು ಯಾರು ಹೇಗೆ ಬಳಸುತ್ತಾರೆ, ಆನೆಗೂ ಜನಕ್ಕೂ ಎಲ್ಲಿ ತಕರಾರು ಎಂದು ನಕ್ಷೆ ಮಾಡುವುದು ಅವಳ ಓದು. ಆ ನಕ್ಷೆ ನೋಡಿಯೇ ಅರಣ್ಯ ಇಲಾಖೆ ಆನೆ ತಡೆಯುವ ಕಂದಕ ತೋಡುವುದಂತೆ. ಕಂದಕ ಬೇಕೇ ಬೇಕೆಂದು ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಬೊಬ್ಬೆ ಹೊಡೆದವಳು ನಾನೇ. ಹೊಡೆಯದೆ ಮತ್ತೆ? ಹೋದ ವರ್ಷ ಒಂಟಿ ಸಲಗವೊಂದು ನನ್ನ ಬಾಳೆಯನ್ನೆಲ್ಲ ಮಲಗಿಸಿ ಹೋಗಿತ್ತು. ಮುರಿದ ಗೊನೆಗಳ ನಡುವೆ ಕೂತು ಅತ್ತಿದ್ದೆ.

ಅವಳನ್ನು ಗಡಿಕಲ್ಲಿನ ತನಕ ಕರೆದುಕೊಂಡು ಹೋದೆ. ಮಂಜು ಇನ್ನೂ ಮರಗಳಿಂದ ಇಳಿದಿರಲಿಲ್ಲ. ಕಾಡು ಅರೆನಿದ್ದೆಯಲ್ಲಿತ್ತು.

“ನಿಮ್ಮ ಸುರಂಗ ಎಲ್ಲಿವರೆಗೆ ಉಂಟು ಅಕ್ಕ?” ಗಾನಶ್ರೀ ಕೇಳಿದಳು.

“ಕಲ್ಲಿನಿಂದ ಈಚೆಗೇ ಮುಗೀತು. ಸಣ್ಣದು ಮಾರಾಯ್ತಿ.”

ಆಗ ಕಲ್ಲಿನ ಆಚೆ, ಕಾಡಿನೊಳಗೆ, ಜರಿಗಿಡಗಳ ನಡುವೆ ನೆಲ ಕೆಮ್ಮಿತು. ಗಾನಶ್ರೀ ಫೋನನ್ನು ಎದೆಗೆ ಅವಚಿಕೊಂಡಳು. ನೆಲ ಇನ್ನೊಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು, “ಸೇವಂತೀ, ಚಾ ಆಯ್ತಾ?” ಎಂದು ಕೇಳಿತು.

ಬೇಸಿಗೆಗೆ ಮೊದಲು ಸುರಂಗದ ಕೆಸರು ತೆಗೆಯುವುದು ನಮ್ಮಲ್ಲಿ ಪ್ರತಿವರ್ಷದ ಕೆಲಸ. ನಮ್ಮವರು ಬೆಳಿಗ್ಗೆಯೇ ಒಳಗೆ ಹೋಗಿದ್ದರು. ಉಸಿರಾಟಕ್ಕೆಂದು ಮೇಲಕ್ಕೆ ಕೊರೆದಿದ್ದ ಗಾಳಿತೂತಿನಲ್ಲಿ ನನ್ನ ಸ್ವರ ಕೇಳಿಸಿರಬೇಕು. ಪುಣ್ಯಾತ್ಮ! ನನ್ನ ಮಾನ ಆ ತೂತಿನೊಳಗೇ ಬಿತ್ತು.

ಗಾನಶ್ರೀ ನಗುತ್ತಾಳೆಂದುಕೊಂಡೆ. ಅವಳು ನಗಲಿಲ್ಲ. “ಅಕ್ಕ, ಕಂದಕ ಬರುದು ಈ ಕಲ್ಲಿನ ಗೆರೆಯಲ್ಲೇ. ಎರಡಾಳು ಆಳ.”

ಅಲ್ಲಿ ಸುರಂಗ ಇರುವುದೂ ಅಷ್ಟೇ ಆಳದಲ್ಲಿ. ನಾನು ಬೊಬ್ಬೆ ಹೊಡೆದು ತರಿಸಿದ ಕಂದಕ ನನ್ನ ನೀರನ್ನೇ ಕಡಿದು ಹಾಕುತ್ತದೆ.

“ಸುರಂಗವನ್ನು ನಕ್ಷೆಗೆ ಹಾಕಿದರೆ ಅದರ ಮೇಲಿನಷ್ಟು ಜಾಗ ಬಿಟ್ಟು ತೋಡಬಹುದು,” ಎಂದಳು. “ಆದರೆ ಕಾಡಿನ ಅಡಿಗೆ ಹೋದದ್ದು ಇಲಾಖೆಗೆ ಗೊತ್ತಾಗ್ತದೆ. ಬಿಟ್ಟ ಜಾಗದಲ್ಲಿ ಆನೆಯೂ ಬರ್ತದೆ. ನೀವು ಹೇಳದೆ ನಾನು ಹಾಕುದಿಲ್ಲ.”

ಅತ್ತ ದರಿ, ಇತ್ತ ಪುಲಿ ಎಂದರೆ ಇದೇ.

ಗಾನಶ್ರೀಯ ಜೊತೆ ಮನೆಗೆ ಬಂದಾಗ ನಮ್ಮವರು ಮೈಯೆಲ್ಲ ಕೆಸರು ಮಾಡಿಕೊಂಡು ಹೊರಗೆ ಬಂದಿದ್ದರು. ಚಾ ಕೊಟ್ಟು ಎಲ್ಲ ಹೇಳಿದೆ. “ಎಂತ ಮಾಡುದು ಈಗ?”

“ನೀನೇ ಹೇಳು. ಬೊಬ್ಬೆ ಹೊಡೆದದ್ದು ನೀನಲ್ವಾ?” ಎಂದರು. ಸಿಟ್ಟು ಬಂತು. ಅವರು ಮಾತ್ರ ದಂಬೆಯ ಕೆಳಗೆ ಮುಖವೊಡ್ಡಿ ಕಣ್ಣು ಮುಚ್ಚಿ ನಿಂತುಬಿಟ್ಟರು. ಯೌವನದಲ್ಲಿ ಹೀಗೆಯೇ ನಿಂತಿದ್ದರೋ ಏನೋ, ಮೊದಲ ನೀರು ಬಂದ ದಿನ. ಆ ಮುಖ ನೋಡಿ ನನ್ನ ಸಿಟ್ಟು ಇಳಿಯಿತು.

“ಹಾಕು ಮಾರಾಯ್ತಿ,” ಗಾನಶ್ರೀಗೆ ಹೇಳಿದೆ. “ಉದ್ದ ಎಷ್ಟುಂಟೋ ಅಷ್ಟೂ ಹಾಕು. ಬಾಳೆಯಾದ್ರೆ ಇನ್ನೊಮ್ಮೆ ನೆಡ್ಲಿಕ್ಕಾದ್ರೂ ಆಗ್ತದೆ.”

ಇಲಾಖೆಯವರು ಬಂದರು, ಬೈದರು, ಇನ್ನು ಒಂದು ಗೇಣೂ ಮುಂದೆ ಕೊರೆಯಬಾರದೆಂದರು. ಜೆಸಿಬಿ ಗುಡ್ಡೆಯುದ್ದಕ್ಕೂ ಕೆಂಪಗೆ ಅಗೆಯುತ್ತಾ ಬಂತು, ನಮ್ಮ ಸುರಂಗದ ನೆತ್ತಿ ಬಿಟ್ಟು ಮುಂದೆ ಹೋಯಿತು. “ಸೇವಂತಕ್ಕ, ಆನೆಗೆ ಗೇಟ್ ಇಟ್ಟದ್ದಾ?” ಎಂದು ನೆರೆಮನೆಯ ರಾಧಾಕೃಷ್ಣ ನಕ್ಕ. ಅವನಿಗೇನು, ಅವನ ತೋಟ ಕಂದಕದ ಹಿಂದೆ ಭದ್ರ.

ಬೇಸಿಗೆಯ ಕಾವು ಏರಿತ್ತು. ಒಂದು ಸಂಜೆ, ಬೆಳಕು ಇನ್ನೂ ಹಳದಿಯಾಗಿದ್ದಾಗ, ಒಳಗಿದ್ದ ನನಗೆ ಏನೋ ತಪ್ಪಿದಂತಾಯಿತು. ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನೀರಿನ ಸದ್ದು ಇರಲಿಲ್ಲ. ಮದುವೆಯಾಗಿ ಬಂದಂದಿನಿಂದ ಒಮ್ಮೆಯೂ ನಿಲ್ಲದ ಸದ್ದು! ಮನೆಯೇ ಸತ್ತ ಹಾಗೆ ಅನಿಸಿತು. ಬಾಗಿಲಿಗೆ ಓಡಿದೆ.

ಅಂಗಳದಲ್ಲಿ ಸಲಗ ನಿಂತಿತ್ತು. ಸೊಂಡಿಲನ್ನು ದಂಬೆಯ ಬಾಯಿಗೆ ಒಡ್ಡಿ, ಒಂದು ಹನಿಯೂ ಕೆಳಗೆ ಬೀಳದಂತೆ, ಕಣ್ಣು ಅರ್ಧ ಮುಚ್ಚಿ ನೀರು ಹಿಡಿಯುತ್ತಿತ್ತು. ನಮ್ಮವರು ನಿಂತಿದ್ದರಲ್ಲ, ಅದೇ ಜಾಗ.

ಬಡಿದು ಓಡಿಸಲೆಂದು ತಗಡಿನ ಡಬ್ಬ ಎತ್ತಿಕೊಂಡಿದ್ದೆ. ಅಷ್ಟರಲ್ಲಿ ಅದು ಸೊಂಡಿಲು ತೆಗೆದು ಬಾಯಿಗಿಟ್ಟಿತು. ನೀರು ಮತ್ತೆ ತೊಟ್ಟಿಗೆ ಬಿತ್ತು. ಆ ಸದ್ದು ಕೇಳಿ ಅಳು ಬಂದುಬಿಟ್ಟಿತು.

“ಕುಡಿ ಮಾರಾಯ,” ಎಂದೆ ಬಾಗಿಲ ಮರೆಯಿಂದ. “ಬಾಳೆ ಮುಟ್ಟಬೇಡ.”

ಎರಡು ಬಾಳೆ ಮುರಿದು ತಿಂದೇ ಹೋಯಿತು ಆ ಕಳ್ಳ ಆನೆ. ನಾನು ಡಬ್ಬ ಹಿಡಿದುಕೊಂಡು, ನೀರು ಬೀಳುವುದನ್ನು ಕೇಳುತ್ತಾ ನಿಂತಿದ್ದೆ.