ಎಡಗಡೆ ಜರುಗದ ಗೆರೆ

ಬಟ್ಟೆ ಹೊಲಿದು ಮಗಳನ್ನು ಬೆಳೆಸಿದ ಅಜ್ಜಿಗೆ ಆಸ್ಪತ್ರೆಯವರ ಮಾತೆಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಅಂದು ಬೆಳಿಗ್ಗೆ ಮಗಳು ಕೆಲಸಕ್ಕೆ ಹೋದ ಮೇಲೆ ಏಳು ವರ್ಷದ ಮೊಮ್ಮಗಳಿಗೆ ಉಬ್ಬಸ ಏರಿತು. ಬಾಯಿಗೆ ಔಷಧಿ ಊದುವ ಪಂಪು ಹಾಕಿದರೂ ಇಳಿಯಲಿಲ್ಲ. ಅಜ್ಜಿ ಅವಳನ್ನು ಎತ್ತಿಕೊಂಡು ಎರಡು ಬೀದಿ ದಾಟಿ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಬಂದಳು.

ಮುಖಕ್ಕೆ ಮಾಸ್ಕ್ ಹಾಕಿ ಔಷಧಿಯ ಹಬೆ ಕೊಟ್ಟರು. ಅರ್ಧ ಗಂಟೆಯಲ್ಲಿ ಎದೆಯ ಸುಯ್‌ಸುಯ್ ಸದ್ದು ಅಡಗಿತು. ಅಜ್ಜಿ ಹೊರಡಲು ಚೀಲ ಎತ್ತಿಕೊಳ್ಳುವಷ್ಟರಲ್ಲಿ, ಎಳೇ ವಯಸ್ಸಿನ ಡಾಕ್ಟರಮ್ಮ ಒಂದು ಯಂತ್ರವನ್ನು ತಳ್ಳಿಕೊಂಡು ಬಂದಳು.

"ಇದು ಬಸುರಿಯರ ಹೊಟ್ಟೆ ನೋಡೋ ಮಿಷನ್ ಅಲ್ವೇನಮ್ಮ?"

"ಅಂಥದ್ದೇ ಅಜ್ಜಿ. ಉಬ್ಬಸ ಎಷ್ಟು ಜೋರಾಗಿದೆ, ಒಳಗೆ ಬೇರೆ ತೊಂದರೆ ಏನಾದ್ರೂ ಇದೆಯಾ ಅಂತ ಎದೆ ಮೇಲಿಟ್ಟು ನೋಡ್ತೀನಿ."

"ಸದ್ದೇ ನಿಂತಿದೆಯಲ್ಲ, ಇನ್ನೇನು ನೋಡೋದು?"

"ಸದ್ದು ನಿಂತಿದ್ದಕ್ಕೇ ನನಗೆ ಅನುಮಾನ. ಗಾಳಿ ಸರಿಯಾಗಿ ಓಡಾಡದಿದ್ರೂ ಸದ್ದು ನಿಲ್ಲುತ್ತೆ. ಮಗು ಇನ್ನೂ ಏದುಸಿರು ಬಿಡ್ತಿದ್ದಾಳೆ, ನೋಡಿ."

ಕೈ ಪಳಗಿಸಿಕೊಳ್ಳಲು ಇವಳಿಗೆ ನಮ್ಮ ಮಗುವೇ ಸಿಕ್ಕಿತೇ ಎಂದುಕೊಂಡಳು ಅಜ್ಜಿ. ಬಾಗಿಲ ಬಳಿ ನರ್ಸ್ ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಪಿಸುಗುಟ್ಟಿದ್ದು ಕಂಡು ಗುಮಾನಿ ಗಟ್ಟಿಯಾಯಿತು.

"ನಾನು ಇಲ್ಲೇ ನಿಂತ್ಕೋತೀನಿ. ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳ್ಬೇಕು."

ತಣ್ಣನೆಯ ಲೋಳೆ ಸವರಿದಾಗ ಮಗು ಕಚಗುಳಿಗೆ ಮುದುಡಿತು. ಡಾಕ್ಟರಮ್ಮ ಯಂತ್ರದ ಹಿಡಿಯನ್ನು ಎದೆಯ ಮೇಲಿಟ್ಟಳು. ಬಲಗಡೆ, ಪ್ರತಿ ಉಸಿರಿಗೂ ಬಿಳಿ ಗೆರೆಯೊಂದು ಪರದೆಯ ಮೇಲೆ ನಯವಾಗಿ ಜಾರುತ್ತಿತ್ತು. "ಇದು ಸರಿಯಾಗಿದೆ," ಎಂದಳು ಡಾಕ್ಟರಮ್ಮ. ಎಡಗಡೆ ಇಟ್ಟವಳು ಅದೇ ಜಾಗವನ್ನು ಮತ್ತೆ ಮತ್ತೆ ನೋಡಿದಳು.

"ಯಾಕೆ ಸುಮ್ಮನಾದ್ರಿ? ಈ ಕಡೆ ಗೆರೆ ಜರುಗ್ತಾನೇ ಇಲ್ಲ."

ಡಾಕ್ಟರಮ್ಮ ತಿರುಗಿ ನೋಡಿದಳು. "ಸರಿಯಾಗೇ ಕಂಡಿದ್ದೀರಿ. ಶ್ವಾಸಕೋಶದಿಂದ ಗಾಳಿ ಸೋರಿ ಪಕ್ಕದಲ್ಲಿ ತುಂಬ್ಕೊಂಡಿರೋ ಹಾಗಿದೆ."

"ಹಾಗಿದೆ ಅಂದ್ರೆ? ಇದೆಯೋ ಇಲ್ವೋ?"

"ಎಕ್ಸ್‌ರೇ ತೆಗೆದು ಖಾತ್ರಿ ಮಾಡ್ಕೋತೀನಿ. ಮನೆಗೆ ಮಾತ್ರ ಕರ್ಕೊಂಡು ಹೋಗ್ಬೇಡಿ."

ಎಕ್ಸ್‌ರೇಯೂ ಅದನ್ನೇ ಹೇಳಿತು. ಅಜ್ಜಿ ಚೀಲವನ್ನು ಮಂಚದ ಕೆಳಗೆ ತಳ್ಳಿದಳು. ಹಟ ಮಾಡಿ ಹೊರಟೇ ಬಿಟ್ಟಿದ್ದರೆ? ಮಗಳು ಓಡೋಡಿ ಬರುವ ಹೊತ್ತಿಗೆ ಮಗುವಿನ ಪಕ್ಕೆಗೆ ಸಣ್ಣ ಕೊಳವೆ ಹಾಕಿ, ಸೋರಿದ ಗಾಳಿಯನ್ನು ಹೊರಗೆ ತೆಗೆಯುತ್ತಿದ್ದರು.

ಐದನೆಯ ದಿನ ಕೊಳವೆ ತೆಗೆದು, ಎಲ್ಲ ಸರಿಹೋಗಿದೆ, ನಾಳೆ ಹೋಗಬಹುದು ಎಂದಳು ಡಾಕ್ಟರಮ್ಮ. ಮಗಳು ಕಣ್ಣೊರೆಸಿಕೊಂಡಳು. ಅಜ್ಜಿ ಮಾತ್ರ ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡಳು.

"ನೀವು ಹೇಳಿದ್ರೆ ಸಾಲ್ದು ಡಾಕ್ಟರಮ್ಮ. ಆ ಮಿಷನ್ ತಂದು ಎರಡೂ ಕಡೆ ತೋರಿಸಿ."

ಡಾಕ್ಟರಮ್ಮ ನಗುತ್ತ ತೋರಿಸಿದಳು. ಎಡಗಡೆಯೂ ಗೆರೆ ಜಾರುತ್ತಿತ್ತು; ಹತ್ತು ಉಸಿರು ಎಣಿಸಿದ ಮೇಲೆಯೇ ಅಜ್ಜಿ ಪರದೆಯಿಂದ ಕಣ್ಣು ತೆಗೆದಳು.